ಹಳ್ಳ ದಾಟಿ ಬಂದ ರಕ್ತ

ಜೇವರ್ಗಿಯಲ್ಲಿ ನನ್ನ ಔಷಧಿ ಅಂಗಡಿಗೂ ಬಸವಂತರಾಯರ ರಕ್ತಪರೀಕ್ಷೆಯ ಕೋಣೆಗೂ ನಡುವೆ ಒಂದೇ ಗೋಡೆ. ಅವರು ಕೊಳಕೂರಿನವರು. ಮೂವತ್ತೊಂದು ವರ್ಷ ಸರಕಾರಿ ನೌಕರಿಯಲ್ಲಿ ಮಲೇರಿಯಾ ಸ್ಲೈಡು ನೋಡಿದವರು. ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಮೇಲೆ ಹನಿ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂಡುವುದೇ ಅವರ ಬದುಕಾಗಿತ್ತು. ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂಡಲಾಗದೆ ನನ್ನ ಪಕ್ಕದ ಕೋಣೆ ಹಿಡಿದರು. ಬೆಳಗ್ಗೆ ಒಂಬತ್ತರ ಬಸ್ಸಿಗೆ ಬರುವರು, ಸಂಜೆ ಐದಕ್ಕೆ ಬಾಗಿಲು ಹಾಕುವರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಜೇಬಿನಲ್ಲಿ ಗಾಜು ಒರೆಸಲು ಮಡಿಚಿಟ್ಟ ಬಿಳಿ ಅರಿವೆ. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿ ಕಸ್ತೂರಿಬಾಯಿಯವರನ್ನು ಕಾಕು.

ಕಾಕಾ ಸಿಟ್ಟು ಮಾಡಿಕೊಳ್ಳುತ್ತಿದ್ದದ್ದು ಒಂದೇ ವಿಷಯಕ್ಕೆ. ಹಳ್ಳಿಗಳಿಂದ ಯಾರಾದರೂ ರಕ್ತದ ಟ್ಯೂಬನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ತಂದರೆ ಅದನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟುಬಿಡುತ್ತಿದ್ದರು.

"ಇದು ಟ್ಯೂಬಿನ್ಯಾಗ ಒಡದ್ಯಾದ. ಒಡದ ರಕ್ತ ಸುಳ್ಳು ಹೇಳ್ತದ. ಮತ್ತ ತಗೊಂಡು ಬರ್ರಿ."

ತೆಗೆದ ರಕ್ತವನ್ನು ಅರ್ಧ ತಾಸು ಅಲುಗಾಡಿಸದೆ ಇಟ್ಟರೆ ಕೆಂಪು ಕೆಳಗೆ ಹೆಪ್ಪುಗಟ್ಟಿ ಕೂಡುತ್ತದೆ, ಮೇಲೆ ಹಳದಿ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದ ಮೇಲೆಯೇ ದೂರ ಕಳಿಸಬೇಕು. ಇದನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಗೋಡೆಯಾಚೆಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ನಾಲ್ಕು ವರ್ಷದ ಹಿಂದೆ ಶ್ರಾವಣದಲ್ಲಿ ಕಾಕುಗೆ ಜ್ವರ ಬಂತು. ಕಾಕಾ ಮನೆಯಲ್ಲೇ ಬೆರಳು ಚುಚ್ಚಿ ಸ್ಲೈಡು ಮಾಡಿ ಜೇವರ್ಗಿಗೆ ತಂದರು. ಮಧ್ಯಾಹ್ನ ನನ್ನನ್ನು ಕರೆದರು.

"ನಂದೂ, ಒಂದು ಸಲ ಬಂದು ನೋಡು."

ನಾನು ಕಣ್ಣಿಟ್ಟು ನೋಡಿದೆ. ನೇರಳೆ ಬಣ್ಣದ ಸಣ್ಣ ಗುಂಡನೆಯ ಕಣಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅಲ್ಲಲ್ಲಿ ಬೆರಳಿನಿಂದ ಒರೆಸಿದಂತೆ ಮಸುಕು ಕಲೆಗಳು. ನನಗೇನೂ ತಿಳಿಯಲಿಲ್ಲ.

"ಮಲೇರಿಯಾ ಏನ್ರಿ ಕಾಕಾ?"

"ಮಲೇರಿಯಾ ಇದ್ದರ ಛಲೋ ಇತ್ತು" ಎಂದರು. ಯಾರ ರಕ್ತವೆಂದು ಹೇಳಲಿಲ್ಲ. ಅವತ್ತು ಮೂರು ಗಂಟೆಗೇ ಬಾಗಿಲು ಹಾಕಿಕೊಂಡು ಹೋದರು. ಸ್ಲೈಡಿನ ಮೇಲೆ ಹೆಸರು ಬರೆಯದೆ ಬಿಟ್ಟದ್ದನ್ನು ನಾನು ಅವರ ಜೊತೆಗಿದ್ದ ಅಷ್ಟು ವರ್ಷದಲ್ಲಿ ಕಂಡದ್ದು ಅದೊಂದೇ ಸಲ.

ಆ ವಾರವೇ ಕಲಬುರಗಿಯ ರಕ್ತರೋಗದ ವೈದ್ಯೆ ವೃಂದಾ ಅವರ ಬಳಿ ಹೋದರು. ಅಲ್ಲಿ ನಡೆದದ್ದನ್ನು ಕಾಕುನೇ ನನಗೆ ಹೇಳಿದ್ದು. ಅದು ರಕ್ತದ ಕ್ಯಾನ್ಸರು, ಆದರೆ ನಿಧಾನದ್ದು, ಈಗಲೇ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ನೋಡುತ್ತ ಹೋಗೋಣ ಎಂದರಂತೆ ಡಾಕ್ಟರರು. ಕಾಕುಗೆ ಅರ್ಥವಾಗಲಿಲ್ಲ. ರೋಗ ಇದೆ ಎನ್ನುತ್ತಾರೆ, ಔಷಧಿ ಬೇಡ ಎನ್ನುತ್ತಾರೆ. ಅವರು ಕೇಳಿಯೇಬಿಟ್ಟರು.

"ಕ್ಯಾನ್ಸರಂದ್ರ ಏನ್ರಿ ಬಾಯಿ? ನನ್ನ ರಕ್ತಕ್ಕ ಏನಾಗ್ಯಾದ?"

ಡಾಕ್ಟರರು ತಮ್ಮ ಅಂಗೈಯನ್ನು ಬೆರಳು ಕೂಡಿಸಿ ಎತ್ತಿ ತೋರಿಸಿದರಂತೆ. "ನೋಡ್ರಿ ಅಮ್ಮಾ, ಹೊಟ್ಯಾಗ ಕೂಸು ಇದ್ದಾಗ ಮೊದಲು ಅದರ ಕೈ ಹೀಂಗ ಚಪ್ಪಟಿ ಇರ್ತದ. ಬೆರಳೇ ಇರಂಗಿಲ್ಲ. ಆಮ್ಯಾಲ ನಡುವಿನ ಕಣ ತಾವಾಗೇ ಸತ್ತು ಹೋಗ್ತಾವ, ಅವಾಗ ಬೆರಳು ಬ್ಯಾರೆ ಬ್ಯಾರೆ ಆಗ್ತಾವ. ಅವನ್ನ ಯಾರೂ ಕೊಲ್ಲಂಗಿಲ್ಲ. ಯಾವಾಗ ಹೋಗಬೇಕು ಅನ್ನೋದು ಕಣದ ಒಳಗೇ ಬರದಿರ್ತದ. ನಮ್ಮೆಲ್ಲಾರ ಮೈಯಾಗ ದಿನಾ ಕೋಟಿಗಟ್ಟಲೆ ಕಣ ಹಂಗೇ ಹೋಗ್ತಾವ, ಬಾಜೂದ ಕಣ ಅವನ್ನ ನುಂಗಿ ಜಾಗಾ ಸ್ವಚ್ಛ ಮಾಡ್ತಾವ. ನಿಮ್ಮ ರಕ್ತದಾಗ ಒಂದು ಜಾತಿ ಕಣ ಹೋಗವಲ್ಲವು. ಒಂದು ಪ್ರೋಟೀನು ಅವನ್ನ ಹೋಗಗೊಡವಲ್ದು."

ಕಾಕು ಸ್ವಲ್ಪ ಹೊತ್ತು ತಮ್ಮ ಬೆರಳು ನೋಡಿಕೊಂಡರಂತೆ. "ಹಂಗಾರ ಹಳೇ ಮಂದಿ ಮನಿ ಬಿಡವಲ್ಲರು, ಹೊಸಾ ಮಂದಿ ಬರಾಕತ್ಯಾರ. ಜಾಗಾ ಸಾಲವಲ್ದು ಅನ್ರಿ."

"ಹೌದ್ರಿ, ಅಷ್ಟೇ" ಎಂದರಂತೆ ಡಾಕ್ಟರರು.

ಆಮೇಲೆ ಎರಡೂವರೆ ವರ್ಷ ಅವರಿಬ್ಬರೂ ಹೇಗೆ ಕಳೆದರೆಂದು ನೋಡಿದವನು ನಾನು. ರೋಗ ಮೈಯಲ್ಲಿದೆ, ಮಾಡುವುದು ಏನೂ ಇಲ್ಲ. ಕಾಕು ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಬಿಡಲಿಲ್ಲ. ಮಗಳು ಸುನಿತಾ ಆಳಂದದಲ್ಲಿ ಶಾಲೆಯ ಶಿಕ್ಷಕಿ. ರಜೆಗೆ ಬಂದಾಗ ಅಮ್ಮನನ್ನು ಕೂಡಿಸಿ ತಾನೇ ರೊಟ್ಟಿ ಬಡಿಯಲು ಹೋದರೆ ಕಾಕು ಬೈದು ಎಬ್ಬಿಸುತ್ತಿದ್ದರು. ಡಾಕ್ಟರರು ಹೇಳಿದ್ದು ಮೂರು ತಿಂಗಳಿಗೊಮ್ಮೆ. ಕಾಕಾ ತಡೆಯಲಾಗದೆ ತಿಂಗಳಿಗೊಮ್ಮೆ ಬೆರಳು ಚುಚ್ಚುತ್ತಿದ್ದರು. ಬರುಬರುತ್ತ ಹದಿನೈದು ದಿನಕ್ಕೊಮ್ಮೆ. ಗಾಜಿನ ಮೇಲೆ ನೂರು ಕಣ ಎಣಿಸಿ, ಮತ್ತೊಮ್ಮೆ ನೂರು ಎಣಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಕೂಡುವರು.

"ಎಣಸಿದ್ರ ಕಡಿಮಿ ಆಗ್ತಾವೇನ್ರಿ?" ಎಂದು ಕಾಕು ಒಂದು ದಿನ ಕೈ ಹಿಂದಕ್ಕೆಳೆದುಕೊಂಡರಂತೆ. ಅವತ್ತು ಕಾಕಾ ಚುಚ್ಚಲಿಲ್ಲ. ಮರುದಿನ ಕಾಕು ತಾವಾಗಿಯೇ ಬೆರಳು ಮುಂದೆ ಚಾಚಿದರು.

ಹೋದ ವರ್ಷ ಬೇಸಿಗೆಗೆ ಕಾಕು ಬಿಳಿಚಿಕೊಂಡರು. ಹೊಲಿಯುತ್ತ ಕೂತಲ್ಲೇ ತೂಕಡಿಕೆ. ಮಳೆಗಾಲ ಹಿಡಿಯುವಷ್ಟರಲ್ಲಿ ಕೊರಳಲ್ಲಿ, ಬಗಲಲ್ಲಿ ಗಂಟುಗಳು ಕೈಗೆ ಸಿಗತೊಡಗಿದವು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು, ಏಕೆಂದರೆ ಎಡಪಕ್ಕೆಯೊಳಗಿನ ಗುಲ್ಮ ಉಬ್ಬಿ ಹೊಟ್ಟೆಯ ಜಾಗ ಹಿಡಿದಿತ್ತು. ಇನ್ನು ಕಾಯುವುದು ಬೇಡ ಎಂದರು ಡಾಕ್ಟರ್ ವೃಂದಾ. ಒಂದು ಹೊಸ ಗುಳಿಗೆ ಇದೆ, ಅದು ಆ ಪ್ರೋಟೀನಿನ ಹಿಡಿತ ಬಿಡಿಸುತ್ತದೆ, ಆಗ ಕಣಗಳಿಗೆ ಸಾಯುವುದು ನೆನಪಾಗುತ್ತದೆ ಎಂದು ಹೇಳಿ ಆಗಸ್ಟ್ ಕೊನೆಗೆ ಶುರು ಮಾಡುವುದೆಂದು ನಿಶ್ಚಯಿಸಿದರು.

ಆದರೆ ಆ ಗುಳಿಗೆಯ ಅಪಾಯವೂ ಅದೇ. ಇಷ್ಟು ವರ್ಷ ಸಾಯದೆ ಉಳಿದ ಕಣಗಳು ಒಂದೇ ದಿನ ಗುಂಪಾಗಿ ಸತ್ತರೆ ಅವುಗಳೊಳಗಿನದೆಲ್ಲ ರಕ್ತಕ್ಕೆ ಸುರಿಯುತ್ತದೆ. ಪೊಟ್ಯಾಸಿಯಂ ಏರುತ್ತದೆ, ಮೂತ್ರಪಿಂಡ ಸೋಲುತ್ತದೆ, ಹೃದಯ ನಿಂತೂ ಹೋಗಬಹುದು. ಅದಕ್ಕೇ ಮೊದಲ ವಾರ ಚೂರು ಗುಳಿಗೆ, ಎರಡನೆಯ ವಾರ ಅದಕ್ಕಿಂತ ದೊಡ್ಡದು, ಹೀಗೆ ಐದು ವಾರ ಮೆಟ್ಟಿಲು ಹತ್ತಿಸಬೇಕು. ಪ್ರತಿ ಮೆಟ್ಟಿಲಿಗೂ ರಕ್ತಪರೀಕ್ಷೆ. ದಿನಕ್ಕೆ ಎರಡು ಲೀಟರು ನೀರು. ನಡುವೆ ಒಂದು ವಾರಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಕೆಳಗಿನಿಂದ ಹತ್ತಬೇಕು. ಕಾಕಾ ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ನೀರು ಅಳೆಯಲು ಒಂದು ಹಿತ್ತಾಳೆ ಚರಿಗೆ ಗೊತ್ತು ಮಾಡಿದರು.

"ಎಮ್ಮಿಗೆ ಕುಡಿಸಿದಂಗ ಕುಡಸಾಕತ್ಯಾರ ನೋಡಪಾ ನಿಮ್ಮ ಕಾಕಾ" ಎಂದು ಕಾಕು ನನ್ನ ಹತ್ತಿರ ನಕ್ಕಿದ್ದರು.

ಮೊದಲ ಎರಡು ಮೆಟ್ಟಿಲು ಆಸ್ಪತ್ರೆಯಲ್ಲಿ ಇದ್ದೇ ಹತ್ತಿದರು. ಏನೂ ತೊಂದರೆಯಾಗಲಿಲ್ಲ. ಕೊರಳ ಗಂಟುಗಳು ಕೈಗೆ ಸಿಗದಷ್ಟು ಕರಗಿದ್ದವು. ಎಷ್ಟೋ ದಿನದ ಮೇಲೆ ಕಾಕು ಒಂದೂವರೆ ರೊಟ್ಟಿ ಉಂಡರೆಂದು ಕಾಕಾ ನನಗೆ ಫೋನು ಮಾಡಿ ಹೇಳಿದರು. ಮೂರನೆಯ ಮೆಟ್ಟಿಲಿನ ಸೋಮವಾರ ಬೆಳಗ್ಗೆ ಕಲಬುರಗಿಯಲ್ಲಿ ರಕ್ತ ಕೊಟ್ಟು, ಗುಳಿಗೆ ನುಂಗಿ, ಸಂಜೆಯ ಪರೀಕ್ಷೆಯೂ ಸರಿ ಬಂದ ಮೇಲೆ ಊರಿಗೆ ಹೊರಟರು. ಮಂಗಳವಾರ ಬೆಳಗ್ಗೆ ಇನ್ನೊಂದು ಪರೀಕ್ಷೆ ಇತ್ತು, ಅದನ್ನು ಜೇವರ್ಗಿಯ ದೊಡ್ಡ ಲ್ಯಾಬಿನಲ್ಲಿ ಮಾಡಿಸಿದರೆ ಸಾಕು ಎಂದಿದ್ದರು ಡಾಕ್ಟರರು.

ಆ ವಾರ ಮೇಲಿನ ಸೀಮೆಯಲ್ಲಿ ಮಳೆ ಹೊಡೆದಿತ್ತು. ಭೀಮೆ ತುಂಬಿ ಹಿನ್ನೀರು ಹಳ್ಳಗಳಿಗೆ ನುಗ್ಗಿತು. ಮಂಗಳವಾರ ಬೆಳಗಾಗುವಷ್ಟರಲ್ಲಿ ಕಾಕಾನ ಮನೆಗೂ ಜೇವರ್ಗಿ ರಸ್ತೆಗೂ ನಡುವಿನ ಹಳ್ಳ ಸೇತುವೆಯನ್ನು ಮುಳುಗಿಸಿ ಹರಿಯುತ್ತಿತ್ತು. ಕರೆಂಟು ಹೋಗಿತ್ತು. ಅದೇ ಬೆಳಗ್ಗೆ ಕಾಕುಗೆ ವಾಕರಿಕೆ, ಕಾಲಲ್ಲಿ ಶಕ್ತಿಯಿಲ್ಲ, ಬಾಯಿಯ ಸುತ್ತ ಜುಮುಜುಮು.

ಕಾಕಾ ಡಾಕ್ಟರರಿಗೆ ಫೋನು ಹಚ್ಚಿದರು. ಇವತ್ತಿನ ಗುಳಿಗೆ ಕೊಡಬೇಡಿ, ಹೇಗಾದರೂ ಮಾಡಿ ಪೊಟ್ಯಾಸಿಯಂ ನೋಡಿಸಿ, ಅಂಕಿ ತಿಳಿದ ಮೇಲೆ ಹೇಳುತ್ತೇನೆ ಎಂದರು ಅವರು. ಹಳ್ಳದ ದಂಡೆಯಲ್ಲಿ ಒಬ್ಬರ ಟ್ರ್ಯಾಕ್ಟರು ನಿಂತಿತ್ತು. ಟ್ರೇಲರು ಬಿಚ್ಚಿ ಎಂಜಿನ್ನಷ್ಟೇ ದಾಟಿಸಲು ಅದರ ಡ್ರೈವರು ತಯಾರಾಗಿದ್ದ. ಕಾಕಾ ಹೋಗಿ ಕೇಳಿದರು. ಹೆಂಗಸನ್ನು ಕೂಡಿಸಿಕೊಂಡು ದಾಟುವುದಕ್ಕೆ ಅವನು ಒಪ್ಪಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ಗಾಲಿ ಜಾರಿದ್ರ ಇಬ್ಬರೂ ಹೋಗ್ತೇವಿ. ಬೇಕಾದ್ರ ರಕ್ತ ಕೊಡ್ರಿ, ಒಯ್ತೇನಿ. ಜಲ್ದಿ ಮಾಡ್ರಿ, ನೀರ ಏರಾಕತ್ತದ, ಇನ್ನ ಹತ್ತು ಮಿನಿಟಿನ ಮ್ಯಾಲ ನಿಂದ್ರಂಗಿಲ್ಲ."

ಕಾಕಾ ಮನೆಗೆ ಓಡಿ ರಕ್ತ ತೆಗೆದರು. ಅದು ಹೆಪ್ಪುಗಟ್ಟಿ ತಿಳಿ ಬಿಡಲು ಅರ್ಧ ತಾಸು ಬೇಕು. ಅರ್ಧ ತಾಸು ಇರಲಿಲ್ಲ. ತಿಳಿ ಬೇರ್ಪಡಿಸಲು ಟ್ಯೂಬನ್ನು ಗರಗರ ತಿರುಗಿಸುವ ಯಂತ್ರ ಮನೆಯಲ್ಲೊಂದಿತ್ತು, ಕರೆಂಟಿಲ್ಲದೆ ಅದೂ ನಡೆಯದು. ಇಡೀ ರಕ್ತದ ಟ್ಯೂಬನ್ನೇ ಅರಿವೆಯಲ್ಲಿ ಸುತ್ತಿ ಡ್ರೈವರನ ಕೈಗೆ ಕೊಟ್ಟರು. ನನಗೆ ಫೋನು ಮಾಡಿ, "ನಂದೂ, ಹಳ್ಳದ ನಿನ್ನ ಕಡಿ ದಂಡಿಗೆ ಬಂದು ತಗೋ. ಜಲ್ದಿ ಬಾ" ಎಂದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

ನಾನು ಮೋಟಾರ್ ಸೈಕಲ್ ತೆಗೆದುಕೊಂಡು ಹೋದೆ. ಟ್ರ್ಯಾಕ್ಟರು ಕುಲುಕುತ್ತ, ಒಂದೆರಡು ಕಡೆ ವಾಲುತ್ತ ದಾಟಿ ಬಂತು. ಟ್ಯೂಬನ್ನು ಅಂಗಿಯ ಜೇಬಿಗೆ ಹಾಕಿಕೊಂಡು ತಿರುಗಿಸಿದೆ. ರಸ್ತೆಯ ತುಂಬ ತಗ್ಗು, ತಗ್ಗಿನ ತುಂಬ ನೀರು. ಬೇಗ ಮುಟ್ಟಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಕಾಕಾ ಮಂದಿಗೆ ಬೈಯುತ್ತಿದ್ದ ಮಾತು ಒಂದು ಸಲವೂ ನೆನಪಾಗಲಿಲ್ಲ.

ಲ್ಯಾಬಿನಲ್ಲಿ ಕೆಲಸ ಮಾಡುವ ಪ್ರಮಿಲಾ ಅದನ್ನು ಯಂತ್ರದಲ್ಲಿ ತಿರುಗಿಸಿ ಬೆಳಕಿಗೆ ಹಿಡಿದಳು. ಮೇಲಿನ ತಿಳಿ ಹಳದಿ ಇರಬೇಕಾದದ್ದು ದಾಳಿಂಬೆ ರಸದ ಹಾಗೆ ಕೆಂಪಾಗಿತ್ತು.

"ಒಡದ್ಯಾದ್ರಿ ಅಣ್ಣಾರ. ಮತ್ತ ತರಾಕ ಆಗ್ತದೇನ್ರಿ?"

"ಆಗಂಗಿಲ್ಲವಾ. ಇದೇ ನೋಡು."

ಅಂಕಿ ಬಂತು: ಆರು ಪಾಯಿಂಟ್ ಎಂಟು. ಐದು ದಾಟಿದರೇ ಹೆಚ್ಚು. ಟ್ಯೂಬಿನಲ್ಲಿ ಒಡೆದ ಕಣಗಳಿಂದಲೂ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಕಾಕುವಿನ ಮೈಯಲ್ಲಿ ಸತ್ತ ಕಣಗಳದ್ದು ಎಷ್ಟು, ನನ್ನ ಜೇಬಿನಲ್ಲಿ ಒಡೆದವುಗಳದ್ದು ಎಷ್ಟು ಎಂದು ಬೇರ್ಪಡಿಸಿ ಹೇಳುವ ಯಂತ್ರ ಎಲ್ಲೂ ಇಲ್ಲ. ನಾನು ಕಾಕಾಗೆ ಹೇಳಿದೆ. ಅವರು ಕೇಳಿದ್ದು ಒಂದೇ, "ತಿಳಿ ಕೆಂಪಿತ್ತೇನು?"

"ಹೌದ್ರಿ."

ಹಳ್ಳದ ಸಪ್ಪಳ ಫೋನಿನಲ್ಲಿ ಕೇಳುತ್ತಿತ್ತು.

ಡಾಕ್ಟರ್ ವೃಂದಾ ಗುಳಿಗೆ ನಿಲ್ಲಿಸಿದರು. ಅಂಕಿ ಸುಳ್ಳಿರಬಹುದು, ಆದರೆ ಖರೆ ಇದ್ದರೆ ಇನ್ನೊಂದು ಗುಳಿಗೆ ಜೀವ ತೆಗೆಯುತ್ತದೆ, ನೀರಿಳಿದ ಕೂಡಲೇ ಕರೆತನ್ನಿ ಎಂದರು. ಬೇರೆ ಯಾರಿದ್ದರೂ ಹಾಗೆಯೇ ಹೇಳುತ್ತಿದ್ದರು.

ಬುಧವಾರ ಕಾಕು ಎದ್ದು ಕೂತರು. ಗುರುವಾರ ಒಲೆ ಹಚ್ಚಿದರು. ವಾಕರಿಕೆ ಹೋಗಿತ್ತು, ಕಾಲು ನೆಲಕ್ಕೆ ಊರುತ್ತಿದ್ದವು. ಕಾಕಾ ತಾಸಿಗೊಮ್ಮೆ ನಾಡಿ ಹಿಡಿದು ಗಡಿಯಾರ ನೋಡುತ್ತ ಕೂತಿದ್ದರು. ಗುಳಿಗೆಯ ಡಬ್ಬಿ ಗೋಡೆಯ ಮಾಡದಲ್ಲೇ ಇತ್ತು.

"ನಾ ಅರಾಮ ಇದ್ದೇನಿ. ಗುಳಗಿ ಕೊಡ್ರಿ" ಎಂದರಂತೆ ಕಾಕು.

"ಅಂಕಿ ನೋಡದಽ ಕೊಡಾಕ ಬರಂಗಿಲ್ಲ."

"ಅಂಕಿ ಸುಳ್ಳದ ಅಂತ ನೀವೇ ಅಂದ್ರಿ."

"ಸುಳ್ಳಿರಬಹುದು ಅಂದೆ. ಕಸ್ತೂರಿ, ನನಗ ಗೊತ್ತಿಲ್ಲ. ನನಗಽ ಗೊತ್ತಿಲ್ಲ."

ಮೂವತ್ತೊಂದು ವರ್ಷ ರಕ್ತ ನೋಡಿ ಹೌದು ಇಲ್ಲ ಎಂದು ಹೇಳಿಕೊಂಡು ಬಂದ ಮನುಷ್ಯ ತಮ್ಮ ಹೆಂಡತಿಗೆ ಅದೊಂದನ್ನು ಹೇಳಲಾರದೆ ಹೋದರು. ಕಾಕು ಚರಿಗೆಯಲ್ಲಿ ನೀರು ತುಂಬಿಕೊಂಡು ಕುಡಿದರು.

ನೀರಿಳಿಯಲು ಆರು ದಿನ ಬೇಕಾಯಿತು. ಕಲಬುರಗಿಗೆ ಹೋದಾಗ ಪೊಟ್ಯಾಸಿಯಂ ಸರಿಯಾಗಿಯೇ ಇತ್ತು. ಏರಿ ಇಳಿದಿತ್ತೋ, ಏರಿಯೇ ಇರಲಿಲ್ಲವೋ ಯಾರಿಗೆ ಗೊತ್ತು. ಅಷ್ಟರಲ್ಲಿ ಕಾಕುಗೆ ಜ್ವರ ಹಿಡಿದು ಪುಪ್ಪುಸಕ್ಕೆ ಇಳಿಯಿತು. ಅದು ವಾಸಿಯಾಗುವವರೆಗೆ ಗುಳಿಗೆ ಮುಟ್ಟುವಂತಿರಲಿಲ್ಲ. ಇಪ್ಪತ್ತಮೂರು ದಿನದ ಮೇಲೆ ಮತ್ತೆ ಚೂರು ಗುಳಿಗೆಯಿಂದ ಶುರು ಮಾಡಿದರು. ಎರಡನೆಯ ವಾರ ದವಡೆಯ ಕೆಳಗೆ ಒಂದು ಗಂಟು ಎದ್ದಿತು. ಹತ್ತು ದಿನದಲ್ಲಿ ನಿಂಬೆಹಣ್ಣಿನಷ್ಟಾಯಿತು. ಗಂಟಿನ ಚೂರು ತೆಗೆದು ನೋಡಿದರು. ನಿಧಾನದ ರೋಗ ತನ್ನ ರೂಪ ಬದಲಿಸಿ ಓಡುವ ರೋಗವಾಗಿತ್ತು.

ಸಲೈನಿನಲ್ಲಿ ಹಾಕುವ ಗಟ್ಟಿ ಔಷಧಿಗಳನ್ನು ಎರಡು ಸಲ ಹಾಕಿಸಿದರು. ಕೂದಲು ಉದುರಿತು, ಗಂಟು ಮಣಿಯಲಿಲ್ಲ. ಮೂರನೆಯದಕ್ಕೆ ಕಾಕು ಒಲ್ಲೆನೆಂದರು. ಸುನಿತಾ ರಜೆ ಹಾಕಿ ಬಂದು ಅಮ್ಮನ ಪಕ್ಕದಲ್ಲಿ ಕೂತಳು. ನಾನು ಒಂದು ಮಧ್ಯಾಹ್ನ ಹೋದಾಗ ಕಾಕು ಅರ್ಧ ಹೊಲಿದ ಕೌದಿಯ ಮೇಲೆ ಮಲಗಿದ್ದರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು, "ನಿಮ್ಮ ಕಾಕಾ ಈಗ ಬೆರಳ ಚುಚ್ಚಂಗಿಲ್ಲ ನೋಡಪಾ. ಅವರು ಚುಚ್ಚೂತನಕಾ ನನಗ ಆಶಾ ಇತ್ತು."

ಡಿಸೆಂಬರಿನ ಒಂದು ಶುಕ್ರವಾರ ಬಿಸಿಲೇರುವ ಹೊತ್ತಿಗೆ ಕಾಕು ಹೋದರು. ಅವರ ಹೊಲದಲ್ಲೇ ಸಮಾಧಿ ಮಾಡಿದರು. ಮೂರನೆಯ ದಿನ ಎಲ್ಲರೂ ಎದ್ದು ಹೋದ ಮೇಲೆ ಕಾಕಾ ನನ್ನನ್ನು ಬದುವಿನ ಮೇಲೆ ಕೂಡಿಸಿಕೊಂಡರು.

"ಆ ಟ್ಯೂಬು ನೀ ಯಾವ ಕಿಸೆದಾಗ ಇಟ್ಟಿದ್ದಿ?"

ಮೂರು ತಿಂಗಳಿಂದ ನಾನು ಕಾದಿದ್ದ ಪ್ರಶ್ನೆ. "ಅಂಗಿ ಕಿಸೆದಾಗ್ರಿ ಕಾಕಾ. ಗಾಡಿ ಜೋರಾಗಿ ಹೊಡದೆ. ತಪ್ಪಾತು."

"ನಿಂದೇನ್ ತಪ್ಪಿಲ್ಲ. ಅರ್ಧಾ ತಾಸು ನಾ ತಡೀಬೇಕಿತ್ತು. ಆ ಟ್ರ್ಯಾಕ್ಟರ್ ಹೋದ್ರ ಮತ್ತೊಂದು ಬರ್ತಿತ್ತು. ಎಲ್ಲಾರಿಗೂ ಹೇಳ್ಕೋತ ಬಂದಾಂವ, ನನ್ನ ಪಾಳಿ ಬಂದಾಗ ಅವಸರ ಮಾಡಿದೆ."

ಡಾಕ್ಟರ್ ವೃಂದಾ ಕಾಕಾಗೆ ಬಿಡಿಸಿ ಹೇಳಿದ್ದರು. ರೂಪ ಬದಲಿಸಿದ ಕಣಗಳು ಹಳ್ಳ ತುಂಬುವ ಮೊದಲೇ ಮೈಯಲ್ಲಿ ಇದ್ದಿರಬೇಕು. ಗುಳಿಗೆ ತಪ್ಪದಿದ್ದರೂ ಹೀಗೇ ಆಗಬಹುದಿತ್ತು. ಇರಬೇಕು, ಆಗಬಹುದಿತ್ತು ಎಂದಷ್ಟೇ ಹೇಳಬಲ್ಲೆ ಎಂದಿದ್ದರು. ಕಾಕಾ ತಲೆಯಾಡಿಸಿ ಕೇಳಿ ಬಂದಿದ್ದರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಹದಿನೈದು ದಿನಕ್ಕೆ ಅವರು ಮತ್ತೆ ಕೋಣೆಯ ಬಾಗಿಲು ತೆಗೆದರು. ಕುಲುಕಿದ ರಕ್ತ ತಂದವರಿಗೆ ಬೈಯುವುದು ನಿಂತುಹೋಗಿತ್ತು. ರೋಗಿಯನ್ನೇ ಕರೆಸಿಕೊಂಡು, ಹೊಸ ಸೂಜಿ ತೆಗೆದು ತಾವೇ ಮತ್ತೆ ರಕ್ತ ತೆಗೆದುಕೊಳ್ಳುತ್ತಿದ್ದರು.

ಈ ವರ್ಷ ಮಾರ್ಚಿನಲ್ಲಿ ಡಾಕ್ಟರ್ ವೃಂದಾ ಕಾಕಾನನ್ನು ಕಲಬುರಗಿಗೆ ಕರೆಸಿದರು. ಜೊತೆಗೆ ನಾನೂ ಹೋದೆ. ಆಳಂದ ಕಡೆಯ ಹಿರೋಳ್ಳಿಯಿಂದ ಗಂಡಹೆಂಡತಿ ಬಂದಿದ್ದರು, ಜಗದೇವಪ್ಪ ಮತ್ತು ಇರಮ. ಇರಮಗೂ ಅದೇ ರೋಗ, ಅದೇ ಗುಳಿಗೆ ಶುರುವಾಗಬೇಕಿತ್ತು. ನಮ್ಮ ಮಾತಿಗಿಂತ ಮನೆಯಲ್ಲಿ ಮಾಡಿ ನೋಡಿದವರು ಹೇಳಿದರೆ ಅವರಿಗೆ ತಿಳಿಯುತ್ತದೆ ಎಂದಿದ್ದರು ಡಾಕ್ಟರರು.

ಕಾಕಾ ಒಂದು ತಾಸು ಹೇಳಿದರು. ನೀರನ್ನು ಹೇಗೆ ಅಳೆಯುವುದು, ಯಾವ ವಾರ ಎಷ್ಟು, ರಕ್ತ ತೆಗೆದ ಮೇಲೆ ಎಷ್ಟು ಹೊತ್ತು ಅಲುಗಾಡಿಸದೆ ಇಡುವುದು. ಮಳೆಗಾಲಕ್ಕೆ ಮೊದಲೇ ಐದೂ ಮೆಟ್ಟಿಲು ಮುಗಿಸಿಬಿಡಿ, ಆ ಐದು ವಾರ ಕಲಬುರಗಿಯಲ್ಲೇ ಯಾರ ಮನೆಯಲ್ಲಾದರೂ ಇರಿ ಎಂದು ಎರಡೆರಡು ಸಲ ಹೇಳಿದರು. ಜಗದೇವಪ್ಪ ಎಲ್ಲವನ್ನೂ ಮಗಳ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ಬರೆದು ಮುಗಿಸಿ ಕೇಳಿದ.

"ನಿಮ್ಮ ಮನಿಯವರು ಈಗ ಹ್ಯಾಂಗಿದ್ದಾರ್ರಿ?"

ಕಾಕಾ ಒಮ್ಮೆ ಡಾಕ್ಟರರ ಕಡೆ ನೋಡಿದರು. "ಹೋದ್ಳಪಾ. ಮೂರು ತಿಂಗಳಾತು."

ಜಗದೇವಪ್ಪ ಪೆನ್ನು ಕೆಳಗಿಟ್ಟ. ಅಲ್ಲಿಯವರೆಗೆ ಸುಮ್ಮನಿದ್ದ ಇರಮ ಸೆರಗು ಸರಿಮಾಡಿಕೊಂಡು ನೇರವಾಗಿ ಕೇಳಿದಳು, "ಹಂಗಾರ ನಾ ಯಾಕ ತಗೋಬೇಕ್ರಿ ಅಣ್ಣಾರ?"

ಡಾಕ್ಟರರೇ ಮುಂದೆ ಬಂದು ಈ ಗುಳಿಗೆಯಿಂದ ವರ್ಷಗಟ್ಟಲೆ ಚೆನ್ನಾಗಿರುವವರ ಬಗ್ಗೆ ಹೇಳಿದರು, ಪ್ರತಿಯೊಬ್ಬರ ರೋಗವೂ ಬೇರೆ ಎಂದರು. ಇರಮ ಅದನ್ನು ಕೇಳುತ್ತಿದ್ದರೂ ಕಣ್ಣು ಕಾಕಾನ ಮುಖದ ಮೇಲೇ ಇತ್ತು. ಕೊನೆಗೆ ಕಾಕಾ ಇಷ್ಟೇ ಹೇಳಿದರು, "ಆಕಿ ಎರಡನೇ ವಾರ ಒಂದೂವರಿ ರೊಟ್ಟಿ ಉಂಡಿದ್ದಳವಾ. ಅದು ಖರೆ."

ಇರಮ ಗುಳಿಗೆ ಶುರು ಮಾಡಿದಳು. ಕಾಕಾ ಪ್ರತಿ ಸೋಮವಾರ ನನ್ನ ಅಂಗಡಿಯಲ್ಲಿ ಕೂತು ಜಗದೇವಪ್ಪನಿಗೆ ಫೋನು ಮಾಡಿ ಅಂಕಿ ಕೇಳುತ್ತಿದ್ದರು. ಮೊದಲ ವಾರ ಸರಿ, ಎರಡನೆಯ ವಾರ ಸರಿ. ಮೂರನೆಯ ವಾರದ ಅಂಕಿಯನ್ನು ಅವನಿಂದ ಎರಡು ಸಲ ಹೇಳಿಸಿಕೊಂಡರು. ಅದೂ ಸರಿಯಾಗಿತ್ತು. ಐದನೆಯ ವಾರ ಮುಗಿದು ಅವರು ಹಿರೋಳ್ಳಿಗೆ ಮರಳಿದರು. ಇರಮಳ ಗಂಟುಗಳೆಲ್ಲ ಹೋಗಿವೆ, ಹೊಲಕ್ಕೆ ಹೋಗಿ ಕಳೆ ಕೀಳುತ್ತಿದ್ದಾಳೆ ಎಂದು ಜಗದೇವಪ್ಪ ಖುಷಿಯಿಂದ ಹೇಳಿದ್ದು ನನಗೂ ಕೇಳಿಸಿತು.

"ಭಾಳ ಛಲೋ ಆತಪಾ. ಬಸವಣ್ಣನ ದಯಾ" ಎಂದರು ಕಾಕಾ. ಫೋನು ಇಟ್ಟು ಬಹಳ ಹೊತ್ತು ರಸ್ತೆ ನೋಡುತ್ತ ಕೂತರು. ಕಣ್ಣು ತುಂಬಿದ್ದವು. ಅದು ಬರೀ ಸಂತೋಷದ್ದಲ್ಲವೆಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು.

ಮುಂದಿನ ಸೋಮವಾರ ಅವರು ಫೋನು ಮಾಡಲಿಲ್ಲ. ಅದರ ಮುಂದಿನ ವಾರ ಜಗದೇವಪ್ಪನೇ ಮಾಡಿದ. ಕಾಕಾ ಫೋನು ಹೊಡೆದುಕೊಳ್ಳುವುದನ್ನು ನೋಡಿ ನನ್ನ ಕಡೆ ಸರಿಸಿ, "ನೀನೇ ಮಾತಾಡು ನಂದೂ. ಕಾಕಾ ಅರಾಮ ಇದ್ದಾರಂತ ಹೇಳು" ಎಂದು ತಮ್ಮ ಕೋಣೆಗೆ ಎದ್ದು ಹೋದರು.